ಮೊದಲು ತಟ್ಟೆ, ಆಮೇಲೆ ಗಿಡಮೂಲಿಕೆ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಜಯಸಿಂಗಪುರ ಶಾಹು ಮಹಾರಾಜರು ತಮ್ಮ ತಂದೆ ಜಯಸಿಂಗರಾವ್ ಘಾಟಗೆ ಅವರ ಹೆಸರಿನಲ್ಲಿ ಕಟ್ಟಿಸಿದ ಪೇಟೆ. ರಸ್ತೆಗಳು ನೇರ, ಗಲ್ಲಿಗಳಿಗೆ ನಂಬರು. ಅಂಗಡಿಯ ಬೋರ್ಡು ಮರಾಠಿಯಲ್ಲಿರುತ್ತದೆ, ಗಲ್ಲೆಯ ಮುಂದೆ ನಿಂತವರ ಮಾತಿನಲ್ಲಿ ಕನ್ನಡವೂ ಕೇಳುತ್ತದೆ. ಇಂಥ ಪೇಟೆಗಳ ಕಾಷ್ಠೌಷಧಿ ಅಂಗಡಿಗಳಲ್ಲಿ ಅಶ್ವಗಂಧ, ಶತಾವರಿ, ಬ್ರಾಹ್ಮಿ, ಜಟಾಮಾಂಸಿಗಳ ಚೂರ್ಣ ಮೊದಲಿಂದಲೂ ಮಾರಾಟಕ್ಕಿದೆ. ಈಗ ಅದೇ ಹೆಸರುಗಳು ಚಂದದ ಡಬ್ಬಿಯೊಳಗೆ ಸೇರಿ ಮೊಬೈಲಿನಲ್ಲೂ ಬರುತ್ತಿವೆ. ‘ಮೈಯಾಗ ಕಸುವಿಲ್ಲ, ಮನಸಿಗೆ ಬ್ಯಾಸರ’ ಎನ್ನುವ ಇಪ್ಪತ್ತರ ಆಸುಪಾಸಿನ ಹುಡುಗಿಗೆ ಜಾಹೀರಾತು ಹೇಳುವುದಿಷ್ಟೇ: ಒಂದು ಮಾತ್ರೆ ನುಂಗು, ಎಲ್ಲ ಸರಿಹೋಗುತ್ತದೆ.

ಆ ಡಬ್ಬಿಗೆ ಹಣ ಕೊಡುವ ಮುನ್ನ ಆಕೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಬೆಳಿಗ್ಗೆ ಏನು ತಿಂದಳು? ಮುಟ್ಟಿನ ದಿನಗಳಲ್ಲಿ ರಕ್ತಸ್ರಾವ ಎಷ್ಟು? ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು? ಮನಸ್ಸು ಮಂಕಾಗಲು ನೂರು ಕಾರಣಗಳಿರಬಹುದು. ಆದರೆ ಈ ಭಾಗದ ಹೆಣ್ಣುಮಕ್ಕಳಲ್ಲಿ ಮೊದಲು ಹುಡುಕಬೇಕಾದ ಕಾರಣ ರಕ್ತದಲ್ಲೇ ಇದೆ.

2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. 15ರಿಂದ 19ರ ಹುಡುಗಿಯರಲ್ಲಿ ಅದು ಶೇ 59. ಮಹಾರಾಷ್ಟ್ರದ ಹೆಂಗಸರಲ್ಲಿ ಶೇ 54, ಕರ್ನಾಟಕದಲ್ಲಿ ಶೇ 48ರ ಹತ್ತಿರ. ಗಡಿಯ ಆಚೆಗಾಗಲಿ ಈಚೆಗಾಗಲಿ, ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳಿಗೆ ಈ ಕೊರತೆ. ಬಸುರಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇರಬೇಕು. ಅದಕ್ಕಿಂತ ಇಳಿದರೆ ರಕ್ತಹೀನತೆ, 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ.

ಕಬ್ಬಿಣದ ಕೊರತೆಯ ಲಕ್ಷಣಗಳನ್ನು ಒಮ್ಮೆ ನೋಡಿ: ಸುಸ್ತು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಸಣ್ಣ ಮಾತಿಗೂ ಸಿಡುಕು, ಮೆಟ್ಟಿಲು ಹತ್ತಿದರೆ ಏದುಸಿರು, ಏನು ಮಾಡಲೂ ಹುಕಿ ಇಲ್ಲದಿರುವುದು. ಇದೇ ಲಕ್ಷಣಗಳಲ್ಲಿ ಅರ್ಧದಷ್ಟು ಖಿನ್ನತೆಯ ಪಟ್ಟಿಯಲ್ಲೂ ಇವೆ. ಮಿದುಳಿನಲ್ಲಿ ಮನಸ್ಥಿತಿಯನ್ನು ಏರಿಳಿಸುವ ಡೋಪಮಿನ್, ಸಿರೊಟೋನಿನ್‌ನಂಥ ರಾಸಾಯನಿಕಗಳು ತಯಾರಾಗುವುದಕ್ಕೂ ಕಬ್ಬಿಣ ಬೇಕು. ಹಾಗಾಗಿ ಒಂದು ತೊಂದರೆ ಇನ್ನೊಂದರ ಮುಖವಾಡ ಹಾಕಿಕೊಂಡು ಬರುವುದು ಸಹಜ. ಥೈರಾಯ್ಡ್ ಗ್ರಂಥಿ ನಿಧಾನವಾದಾಗಲೂ, ಬಿ12 ಜೀವಸತ್ವ ಕಡಿಮೆಯಾದಾಗಲೂ ಹೀಗೇ ಆಗುತ್ತದೆ. ಚೂರ್ಣ ಕೊಳ್ಳುವ ಮೊದಲು ಈ ಮೂರು ಪರೀಕ್ಷೆ ಮಾಡಿಸಿಕೊಳ್ಳುವುದು ಎಷ್ಟೋ ತಿಂಗಳುಗಳ ಅಲೆದಾಟ ಉಳಿಸುತ್ತದೆ.

ಚಹಾ ಮತ್ತು ಖಾರಿಯ ಬೆಳಗು

ಇಚಲಕರಂಜಿಯ ಮಗ್ಗಗಳು ಹಗಲೂ ರಾತ್ರಿ ಓಡುತ್ತವೆ. ಕಾಂಡಿ ಸುತ್ತುವ ಕೆಲಸಕ್ಕೆ ಹೋಗುವ ಹೆಣ್ಣುಮಗಳಾಗಲಿ, ಶಿರೋಳದ ಹಳ್ಳಿಯಿಂದ ಎಸ್.ಟಿ. ಬಸ್ಸು ಹಿಡಿದು ಕಾಲೇಜಿಗೆ ಹೋಗುವವಳಾಗಲಿ, ಬೆಳಿಗ್ಗೆ ಮನೆ ಬಿಡುವಾಗ ಹೊಟ್ಟೆಗೆ ಬಿದ್ದಿರುವುದು ಅನೇಕ ವೇಳೆ ಒಂದು ಕಪ್ ಚಹಾ ಮತ್ತು ಅದರಲ್ಲಿ ಅದ್ದಿದ ಖಾರಿ ಅಥವಾ ಟೋಸ್ಟ್ ಮಾತ್ರ. ಮಧ್ಯಾಹ್ನ ವಡಾಪಾವ್. ಸಂಜೆ ಮತ್ತೆ ಚಹಾ. ಮೈದಾ, ಡಾಲ್ಡಾ, ಸಕ್ಕರೆ ಸೇರಿ ಹೊಟ್ಟೆ ತುಂಬುತ್ತದೆ. ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಬಹುಪಾಲು ಬಾಕಿ ಉಳಿಯುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಗಂಡಸಿಗೆ ಬೇಕಾದದ್ದು 19 ಮಾತ್ರ. ಹೆಚ್ಚು ಬೇಕಾದವಳ ತಟ್ಟೆಗೆ ಕಡಿಮೆ ಬೀಳುವುದು, ಎಲ್ಲರದೂ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅವಳು ಉಣ್ಣುವುದು ನಮ್ಮ ಮನೆಗಳ ಹಳೆಯ ರೂಢಿ. ಈ ರೂಢಿ ಬಿಡದೆ ಯಾವ ಟಾನಿಕ್ಕೂ ಸಾಲುವುದಿಲ್ಲ.

ಚಹಾದ ಮಾತನ್ನು ಇನ್ನಷ್ಟು ಹೇಳಲೇಬೇಕು. ಸಸ್ಯಾಹಾರದಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದೇ ಕಷ್ಟದಿಂದ. ಚಹಾದ ಒಗರು ಅಂಶ ಅದನ್ನು ಕಟ್ಟಿಹಾಕುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹೀರಿಕೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಚಹಾ ಬಿಡಬೇಕೆಂದಿಲ್ಲ. ಉಂಡ ಮೇಲೆ ಒಂದು ತಾಸು ಬಿಟ್ಟು ಕುಡಿದರೆ ಆಯಿತು. ಅದೇ ಊಟದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಒಂದು ಪೇರಲ ಹಣ್ಣು ಅಥವಾ ನೆಲ್ಲಿಕಾಯಿ ತಿಂದರೆ, ಅದರ ಸಿ ಜೀವಸತ್ವದಿಂದ ಹೀರಿಕೆ ಹೆಚ್ಚುತ್ತದೆ. ನೂರು ಗ್ರಾಂ ಪೇರಲದಲ್ಲಿ ಇನ್ನೂರು ಮಿಲಿಗ್ರಾಂ ಮೀರಿ ಸಿ ಜೀವಸತ್ವ ಇರುತ್ತದೆ, ಕಿತ್ತಳೆಗಿಂತ ಎಷ್ಟೋ ಹೆಚ್ಚು.

ಬೆಲ್ಲದ ಸೀಮೆಯಲ್ಲಿ ಬೆಲ್ಲದ ಲೆಕ್ಕ

ಕೊಲ್ಹಾಪುರದ ರೈಲು ಹಾದಿಯಲ್ಲಿ ಬೆಲ್ಲದ ಪೇಟೆಯ ಹೆಸರಿನದೇ ಒಂದು ನಿಲ್ದಾಣವಿದೆ. ಇಲ್ಲಿನ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ‘ರಕ್ತ ಕಡಿಮೆ ಆದರೆ ಬೆಲ್ಲ ತಿನ್ನು’ ಎಂಬ ಮಾತು ಈ ಸೀಮೆಯ ಪ್ರತಿ ಮನೆಯಲ್ಲೂ ಇದೆ. ಆದರೆ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ಬೆಲ್ಲಕ್ಕೆ ಇರುವ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಚಿಲ್ಲರೆ. ಹತ್ತು ಗ್ರಾಮಿನ ಒಂದು ಚೂರು ಬೆಲ್ಲದಿಂದ ಅರ್ಧ ಮಿಲಿಗ್ರಾಂ ಕೂಡ ಸಿಗದು. ಬೇಕಾದದ್ದು 29. ಬೆಲ್ಲದಿಂದಲೇ ಇದನ್ನು ತುಂಬಿಸಿಕೊಳ್ಳಲು ಹೊರಟರೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ತಿನ್ನಬೇಕಾದೀತು.

ಬೀಟ್‌ರೂಟ್ ಕೂಡ ಹಾಗೇ. ಬಣ್ಣ ರಕ್ತದ್ದು, ಕಬ್ಬಿಣ ನೂರು ಗ್ರಾಮಿಗೆ ಒಂದು ಮಿಲಿಗ್ರಾಮೂ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಇವು ಕೆಟ್ಟ ಆಹಾರವಲ್ಲ, ತಿನ್ನಿ. ಆದರೆ ರಕ್ತ ಏರಿಸುವ ಹೊಣೆಯನ್ನು ಇವುಗಳ ಮೇಲೆ ಹೊರಿಸಿ ನಿಶ್ಚಿಂತೆಯಿಂದ ಕೂರಬಾರದು.

ಹಾಗಾದರೆ ಕಬ್ಬಿಣ ಎಲ್ಲಿದೆ? ಈ ಸೀಮೆಯ ಹಳೆಯ ಅಡುಗೆಮನೆಯಲ್ಲೇ ಇದೆ. ಜೋಳದ ಹಿಟ್ಟು ನೂರು ಗ್ರಾಮಿಗೆ ನಾಲ್ಕು ಮಿಲಿಗ್ರಾಂ, ಸಜ್ಜೆ ಆರಕ್ಕೂ ಹೆಚ್ಚು. ಮೆಂತ್ಯ ಪಲ್ಯ, ರಾಜಗಿರಿ ಪಲ್ಯ, ನುಗ್ಗೆಸೊಪ್ಪು ನಾಲ್ಕರಿಂದ ಆರರ ನಡುವೆ. ಮೊಳಕೆ ಬರಿಸಿದ ಮಡಿಕೆ ಕಾಳು ಇನ್ನೂ ಒಳ್ಳೆಯದು: ಕಾಳಿನಲ್ಲಿ ಕಬ್ಬಿಣ ಹೆಚ್ಚು, ಮೊಳಕೆಯಲ್ಲಿ ಅದನ್ನು ತಡೆಹಿಡಿಯುವ ಫೈಟೇಟ್ ಕಡಿಮೆಯಾಗಿರುತ್ತದೆ. ಎಳ್ಳಿನಲ್ಲಿ ಹದಿಮೂರು ಹದಿನಾಲ್ಕು ಮಿಲಿಗ್ರಾಂ ಕಬ್ಬಿಣ ಮತ್ತು ಸಾವಿರ ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಮಡಿಕೆ ಕಾಳಿನ ಉಸಳಿ, ಧಾರಾಳವಾಗಿ ಮೆಂತ್ಯ ಪಲ್ಯ, ಎಳ್ಳು ಬೆರೆಸಿದ ಶೇಂಗಾ ಚಟ್ನಿ, ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು: ಇಷ್ಟರಲ್ಲೇ ದಿನಕ್ಕೆ ಬೇಕಾದ ಕಬ್ಬಿಣದ ಅರ್ಧದ ಹತ್ತಿರ ಬರುತ್ತದೆ. ಇದರ ಖರ್ಚು ಒಂದು ವಡಾಪಾವ್ ಮತ್ತು ಒಂದು ತಂಪು ಪಾನೀಯದ ಖರ್ಚಿಗಿಂತ ಹೆಚ್ಚಲ್ಲ.

ಗಡಹಿಂಗ್ಲಜ ಸೀಮೆ ಮೆಣಸಿನಕಾಯಿಗೂ ಶೇಂಗಾಕ್ಕೂ ಹೆಸರಾದದ್ದು. ಶೇಂಗಾದಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಪ್ರೋಟೀನ್ ಇದೆ. ಸುಮಾರು 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಪ್ರೋಟೀನ್ ಬೇಕು. ಒಂದು ಹಿಡಿ ಹುರಿದ ಶೇಂಗಾ ಏಳು ಗ್ರಾಂ ಕೊಟ್ಟೀತು. ಬಸ್ಸಿನಲ್ಲಿ ತಿನ್ನಲು ಕುರ್‌ಕುರೆ ಪೊಟ್ಟಣಕ್ಕಿಂತ ಚೀಲದಲ್ಲಿ ಶೇಂಗಾ ಮತ್ತು ಪುಟಾಣಿ ಇರಲಿ. ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಊಟದ ಅಂಚಿನಲ್ಲಿ ಚಿಟಿಕೆಯಷ್ಟು ಹಾಕಿಕೊಳ್ಳುವ ಬದಲು ದೊಡ್ಡ ಚಮಚದಷ್ಟು ಹಾಕಿಕೊಳ್ಳಬೇಕು. ಅಗಸಿಯಲ್ಲಿ ಒಮೇಗಾ-3 ಕೊಬ್ಬು ಇದೆ. ಖಿನ್ನತೆಯ ಅಧ್ಯಯನಗಳಲ್ಲಿ ಸ್ವಲ್ಪ ಪ್ರಯೋಜನ ಕಂಡದ್ದು ಮೀನೆಣ್ಣೆಯ ಒಮೇಗಾದಿಂದ, ಅಗಸಿಯದು ದೇಹದೊಳಗೆ ಆ ರೂಪಕ್ಕೆ ಬದಲಾಗುವುದು ತೀರ ಅಲ್ಪ ಎಂಬುದನ್ನೂ ಹೇಳಬೇಕು. ಹೃದಯಕ್ಕೆ, ಮಲಬದ್ಧತೆಗೆ ಅಗಸಿ ಒಳ್ಳೆಯದು. ಅದನ್ನು ಮನಸ್ಸಿನ ಔಷಧ ಎಂದು ಮಾರುವವರ ಮಾತು ನಂಬಬೇಕಿಲ್ಲ.

ಅಂಗಡಿಯಲ್ಲಿ ಅಳೀವ್ ಎಂದು ಕೇಳಿದರೆ ಸಿಗುವ ಅಳವಿ ಬೀಜವನ್ನು ಬಾಣಂತಿಗೆ ಮಾತ್ರ ಎಂದು ಎತ್ತಿಡುತ್ತಾರೆ. ಕೊಬ್ಬರಿ, ಬೆಲ್ಲ ಸೇರಿಸಿ ಕಟ್ಟುವ ಅಳವಿ ಉಂಡಿಯನ್ನು ಹೆರಿಗೆಯಾಗುವ ತನಕ ಕಾಯದೆ, ವಾರಕ್ಕೆ ಎರಡು ಮೂರು ಬಾರಿ ಹದಿಹರೆಯದ ಹುಡುಗಿಗೂ ಕೊಡಬಹುದು. ಬಸುರಿಯಾಗಿದ್ದಾಗ ಮಾತ್ರ ಬೇಡ. ನಾಗರ ಪಂಚಮಿಗೆ ತವರಿಗೆ ಬಂದ ಮಗಳಿಗೆಂದು ಕಟ್ಟುವ ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿಯನ್ನು ನೋಡಿದರೆ, ಹೆಣ್ಣಿಗೆ ಏನು ಬೇಕೆಂದು ನಮ್ಮ ಹಿರಿಯ ಹೆಂಗಸರಿಗೆ ಗೊತ್ತಿತ್ತು ಎನಿಸುತ್ತದೆ. ವರ್ಷಕ್ಕೊಮ್ಮೆ ತುಂಬುವ ಆ ಡಬ್ಬಿ ತಿಂಗಳಿಗೊಮ್ಮೆಯಾದರೂ ತುಂಬಬೇಕು.

ಉಪವಾಸ, ಚಾತುರ್ಮಾಸ, ಡೇರಿಗೆ ಹೋದ ಹಾಲು

ದತ್ತನ ಕ್ಷೇತ್ರ ನರಸೋಬವಾಡಿ ಹತ್ತಿರದಲ್ಲೇ ಇದೆ. ದತ್ತನ ಗುರುವಾರ, ಸಂಕಷ್ಟಿ, ಏಕಾದಶಿ ಎಂದು ಉಪವಾಸ ಹಿಡಿಯುವ ಹುಡುಗಿಯರು ಈ ಭಾಗದಲ್ಲಿ ಬಹಳ. ಉಪವಾಸ ಅವರವರ ನಂಬಿಕೆ, ಅದರ ತಟ್ಟೆಯ ಮಾತಷ್ಟೇ ಇಲ್ಲಿಯದು. ಸಾಬೂದಾಣಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಖಿಚಡಿಯಲ್ಲಿ ಪೌಷ್ಟಿಕವಾದದ್ದು ಅದರೊಳಗಿನ ಶೇಂಗಾ ಪುಡಿ ಮಾತ್ರ. ಅದರ ಬದಲು ರಾಜಗಿರಿ ಹಿಟ್ಟಿನ ಥಾಲಿಪೀಠ, ವರಿ ಅನ್ನದ ಜೊತೆ ಶೇಂಗಾ ಆಮಟಿ, ಮೊಸರು, ಖರ್ಜೂರ ಇಟ್ಟುಕೊಂಡರೆ ಉಪವಾಸವೂ ಉಳಿಯುತ್ತದೆ, ಶಕ್ತಿಯೂ ಉಳಿಯುತ್ತದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವಳು, ಹಿಮೋಗ್ಲೋಬಿನ್ ಹತ್ತಕ್ಕಿಂತ ಕಡಿಮೆ ಇರುವವಳು ನಿರಾಹಾರ ಉಪವಾಸ ಮಾಡದಿರುವುದೇ ಸರಿ.

ಕೃಷ್ಣೆ, ಪಂಚಗಂಗೆಯ ಈ ದಂಡೆಗಳಲ್ಲಿ ಜೈನ ಮನೆಗಳು ಬಹಳ. ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪು ಮುಟ್ಟದ, ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವ ಮನೆಯ ಹುಡುಗಿ ಕಾಲೇಜಿನಿಂದ ಬರುವಷ್ಟರಲ್ಲಿ ಕತ್ತಲಾದರೆ ಒಂದು ಹೊತ್ತಿನ ಊಟವೇ ತಪ್ಪುತ್ತದೆ. ಅವಳಿಗೆ ಎರಡನೇ ಡಬ್ಬಿ ಬೇಕು, ಸಂಜೆ ನಾಲ್ಕು ಐದಕ್ಕೆ ತಿನ್ನುವಂಥದ್ದು. ಸೊಪ್ಪಿಲ್ಲದ ತಿಂಗಳಲ್ಲಿ ಸಜ್ಜೆ ರೊಟ್ಟಿ, ಎಳ್ಳು, ಕಡಲೆ, ಹೆಸರು, ಅಲಸಂದಿ ಹೆಚ್ಚಿಸಬೇಕು. ಸಿ ಜೀವಸತ್ವಕ್ಕೆ ನಿಂಬೆ, ನೆಲ್ಲಿ ಇವೆ.

ಬಿ12 ಬೇರೆಯೇ ಕಥೆ. ಅದು ಸಸ್ಯಗಳಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನು ಇವುಗಳಲ್ಲಷ್ಟೇ ಇದೆ. ಜೈನ, ಲಿಂಗಾಯತ, ಬ್ರಾಹ್ಮಣ ಮನೆಗಳ ಹುಡುಗಿಯರಿಗೆ ಇರುವ ಒಂದೇ ದಾರಿ ಹಾಲು, ಮೊಸರು. ಕೊಲ್ಹಾಪುರ ಜಿಲ್ಲೆಗೆ ಹಾಲಿನ ಬಡತನವಿಲ್ಲ. ಗೋಕುಳ ಹಾಲು ಸಂಘ 1963ರಿಂದ ಇದೆ, ವಾರಣಾದ್ದು ಇನ್ನೊಂದು ದೊಡ್ಡ ಸಂಘ. ಆದರೆ ಮನೆಯ ಎಮ್ಮೆಯ ಹಾಲು ಬೆಳಿಗ್ಗೆ ಡೇರಿಗೆ ಹೋಗಿ, ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವುದು ಚಹಾದಲ್ಲಿ ಕರಗುವ ನಾಲ್ಕು ಚಮಚ. ದಿನಕ್ಕೆ ಕನಿಷ್ಠ 300 ಮಿಲಿ ಹಾಲು ಅಥವಾ ಮೊಸರು ಒಬ್ಬೊಬ್ಬರಿಗೂ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ತಟ್ಟೆಯ ಲೆಕ್ಕವಿದೆ. ಡೇರಿಗೆ ಹಾಕುವ ಮುನ್ನ ಮನೆಯ ಮಗಳ ಲೋಟ ತುಂಬಬೇಕು. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಇದ್ದರೆ ಬಿ12 ಪರೀಕ್ಷೆ ಮಾಡಿಸಲೇಬೇಕು. ಕೊರತೆ ಇದ್ದಾಗ ಮಾತ್ರೆ ಅಥವಾ ಇಂಜೆಕ್ಷನ್ ಬೇಕಾಗುತ್ತದೆ, ಆಹಾರವೊಂದೇ ಸಾಲದು.

ಕಬ್ಬಿಣದ ಮಾತ್ರೆಯೂ ಹಾಗೆಯೇ. ಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಲ್ಲಿ 10ರಿಂದ 19 ವರ್ಷದವರಿಗೆ ಇದು ಉಚಿತ. 20 ದಾಟಿದ ಹೆಂಗಸರಿಗೆ ಕೆಂಪು ಮಾತ್ರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅನೇಕರು ಅದನ್ನು ಎಸೆಯುತ್ತಾರೆ. ಮಲ ಕಪ್ಪಾಗುವುದು ಮಾತ್ರೆಯ ಗುಣ, ರೋಗವಲ್ಲ. ರಾತ್ರಿ ಊಟದ ನಂತರ, ಹಾಲು ಚಹಾ ಇಲ್ಲದೆ, ನಿಂಬೆ ನೀರಿನ ಜೊತೆ ತೆಗೆದುಕೊಂಡರೆ ತೊಳಸುವುದು ಕಡಿಮೆ. ರಕ್ತಹೀನತೆ ಗೊತ್ತಾಗಿ ವೈದ್ಯರು ದಿನವೂ ಮಾತ್ರೆ ಕೊಟ್ಟಿದ್ದರೆ, ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಮಾದರೂ ಏರಬೇಕು. ಏರದಿದ್ದರೆ ಜಂತುಹುಳು, ಅತಿಸ್ರಾವ ಅಥವಾ ಬೇರೆ ಕಾರಣ ಹುಡುಕಬೇಕು. ಮುಟ್ಟು ಏಳು ದಿನ ದಾಟಿದರೆ, ತಾಸು ಎರಡು ತಾಸಿಗೊಮ್ಮೆ ಪ್ಯಾಡ್ ತೊಯ್ದು ಹೋಗುತ್ತಿದ್ದರೆ ಅದು ಅತಿಸ್ರಾವ. ‘ಹೆಣ್ಣಿನ ಜನ್ಮವೇ ಇಷ್ಟು’ ಎಂದು ಸಹಿಸಿಕೊಂಡಿರುವುದು ತಪ್ಪು, ಅದಕ್ಕೆ ಚಿಕಿತ್ಸೆಯಿದೆ.

ಊಟ ಬದಲಾದರೆ ಮನಸ್ಸೂ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದಲ್ಲಿ ಒಂದು ಪ್ರಯೋಗ ನಡೆದಿತ್ತು. ಫೆಲಿಸ್ ಜ್ಯಾಕಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಖಿನ್ನತೆ ಇದ್ದ 67 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಾಳು, ಇಡಿ ಧಾನ್ಯ, ತರಕಾರಿ, ಬೀಜ, ಮೀನುಗಳ ಆಹಾರಕ್ಕೆ ಮಾರ್ಗದರ್ಶನ, ಇನ್ನೊಂದಕ್ಕೆ ಜೊತೆ ಕೂತು ಮಾತುಕತೆ. ಹನ್ನೆರಡು ವಾರದ ನಂತರ ಊಟ ಬದಲಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಿಂದ ಹೊರಬಂದಿದ್ದರು, ಇನ್ನೊಂದು ಗುಂಪಿನಲ್ಲಿ ನೂರಕ್ಕೆ ಎಂಟು. ಪ್ರಯೋಗ ಚಿಕ್ಕದು, ಅವರಲ್ಲಿ ಹೆಚ್ಚಿನವರು ಔಷಧ ಅಥವಾ ಆಪ್ತಸಮಾಲೋಚನೆಯನ್ನೂ ಬಿಟ್ಟಿರಲಿಲ್ಲ. ಆದರೂ ಆ ತಟ್ಟೆಗೂ ರೊಟ್ಟಿ, ಉಸಳಿ, ಸೊಪ್ಪು, ಶೇಂಗಾದ ನಮ್ಮ ತಟ್ಟೆಗೂ ಇರುವ ನಂಟು ಗಮನಿಸಬೇಕಾದದ್ದು.

ಬೇರು, ಎಲೆ, ಕೇಸರಿ

ಇನ್ನು ಗಿಡಮೂಲಿಕೆಗಳು. ಇವುಗಳಲ್ಲಿ ಕೆಲವಕ್ಕೆ ನಿಜವಾದ ಗುಣವಿದೆ. ಗುಣವಿರುವುದರಿಂದಲೇ ಅಪಾಯವೂ ಇದೆ.

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಸರ್ಪಗಂಧ. ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನದಿಂದ ಈ ಬೇರು ರಕ್ತದೊತ್ತಡಕ್ಕೆ ಮದ್ದೆಂದು ಜಗತ್ತಿಗೆಲ್ಲ ಗೊತ್ತಾಯಿತು. 1952ರಲ್ಲಿ ಅದರಿಂದ ರಿಸರ್ಪೀನ್ ಎಂಬ ಅಂಶವನ್ನು ಬೇರ್ಪಡಿಸಿದರು. ರಕ್ತದೊತ್ತಡ ಇಳಿಯಿತು. ಜೊತೆಗೆ ಕೆಲವು ರೋಗಿಗಳು ಆಳವಾದ ವಿಷಾದಕ್ಕೆ ಜಾರಿದ್ದನ್ನೂ ವೈದ್ಯರು ವರದಿ ಮಾಡಿದರು. ಮಿದುಳಿನ ಸಿರೊಟೋನಿನ್, ಡೋಪಮಿನ್‌ಗಳನ್ನು ಬರಿದು ಮಾಡುವ ಗುಣ ಆ ಬೇರಿಗಿತ್ತು. ಖಿನ್ನತೆಗೆ ಮಿದುಳಿನ ರಾಸಾಯನಿಕಗಳ ಕೊರತೆ ಕಾರಣವಿರಬಹುದೆಂಬ ಊಹೆ ಬೆಳೆಯಲು ಈ ಗಿಡವೂ ಒಂದು ಕಾರಣ. ನಿದ್ದೆಗೆಂದು, ‘ತಲೆ ತಂಪಿಗೆ’ಂದು ಸರ್ಪಗಂಧ ಬೆರೆತ ಚೂರ್ಣವನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಲೇಬಾರದು. ಅದರಲ್ಲೂ ಮನಸ್ಸು ಕುಗ್ಗಿದವರು ಅದರ ಹತ್ತಿರ ಸುಳಿಯಬಾರದು.

ಖಿನ್ನತೆಯ ಮೇಲೆ ಅತಿ ಹೆಚ್ಚು ಪರೀಕ್ಷೆಗೊಳಗಾದ ಮೂಲಿಕೆ ಯುರೋಪಿನ ಸೇಂಟ್ ಜಾನ್ಸ್ ವರ್ಟ್. 2008ರ ಕಾಕ್ರೇನ್ ವಿಮರ್ಶೆಯಲ್ಲಿ 29 ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಲಘು ಮತ್ತು ಮಧ್ಯಮ ಖಿನ್ನತೆಯಲ್ಲಿ ಇದು ಮಾಮೂಲಿ ಮಾತ್ರೆಗಳಷ್ಟೇ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು. ನಮ್ಮ ಕಾಷ್ಠೌಷಧಿ ಅಂಗಡಿಗಳ ಹಳೆಯ ಸರಕು ಇದಲ್ಲ, ಆನ್‌ಲೈನಿನಲ್ಲಿ ಸಿಗುತ್ತದೆ. ಯುವತಿಯರು ತಿಳಿದಿರಬೇಕಾದ ಸಂಗತಿಯೆಂದರೆ ಇದು ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಸಿರೊಟೋನಿನ್ ಮಿತಿಮೀರಿ ಜೀವಕ್ಕೇ ಅಪಾಯವಾಗಬಹುದು.

ಅಶ್ವಗಂಧ ಈಗಿನ ಮೋಹ. ಆತಂಕ, ಒತ್ತಡ, ನಿದ್ರಾಹೀನತೆಗಳಲ್ಲಿ ಎಂಟು ಹತ್ತು ವಾರದ ಚಿಕ್ಕ ಪ್ರಯೋಗಗಳು ಒಳ್ಳೆಯ ಫಲ ತೋರಿಸಿವೆ. ಪ್ರಯೋಗಗಳಲ್ಲಿ ಬಳಸಿದ್ದು ಹೆಚ್ಚಾಗಿ ದಿನಕ್ಕೆ 300ರಿಂದ 600 ಮಿಲಿಗ್ರಾಂ ಬೇರಿನ ಸಾರ. ಖಿನ್ನತೆಗೆ ಇದೇ ಮದ್ದು ಎನ್ನುವಷ್ಟು ಆಧಾರವಿಲ್ಲ. ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಬಸುರಿಯರು, ಬಸುರಿಯಾಗಲು ಬಯಸುವವರು, ಥೈರಾಯ್ಡ್ ಮಾತ್ರೆ ನುಂಗುವವರು, ಕಾಮಾಲೆ ಆಗಿಹೋದವರು ಇದನ್ನು ಬಿಡಬೇಕು. ಕಣ್ಣು ಹಳದಿ, ಮೂತ್ರ ಗಾಢ, ಮೈ ತುರಿಕೆ ಕಂಡರೆ ಅಂದೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಕೇಸರಿಯ ಬಗ್ಗೆ ಸ್ವಲ್ಪ ಭರವಸೆಯ ಮಾತಾಡಬಹುದು. ದಿನಕ್ಕೆ 30 ಮಿಲಿಗ್ರಾಂ ಕೊಟ್ಟ ಹಲವು ಪ್ರಯೋಗಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಇರಾನಿನವು, ಲಘು ಖಿನ್ನತೆಯವರಿಗೆ ಲಾಭ ಕಂಡಿದೆ. 2022ರಲ್ಲಿ ಮನೋವೈದ್ಯರ ಜಾಗತಿಕ ಒಕ್ಕೂಟವೊಂದು ಕೆನಡಾದ ತಜ್ಞರ ಜೊತೆ ಸೇರಿ ಹೊರತಂದ ಮಾರ್ಗಸೂಚಿಯಲ್ಲಿ ಕೇಸರಿಗೂ ಅರಿಸಿನದ ಸಾರಕ್ಕೂ ತಾತ್ಕಾಲಿಕ ಒಪ್ಪಿಗೆ ಸಿಕ್ಕಿತು. ಆದರೆ ಪೇಟೆಯ ಕೇಸರಿಯಲ್ಲಿ ಕಲಬೆರಕೆ ವಿಪರೀತ, ಬೆಲೆಯೂ ಹಾಗೇ. ಬಸುರಿಯರು ಹಾಲಿಗೆ ಹಾಕುವ ಎರಡು ಎಸಳು ಮೀರಬಾರದು. ಅರಿಸಿನದ ಹಾಲು ಹಿತವಾದ ಪಾನೀಯವೇ ಹೌದು, ಆದರೆ ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟು ಮಾತ್ರ. ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ಒಂದು ಲೋಟ ಹಾಲಿನಿಂದ ಸಿಗುವಂಥದ್ದಲ್ಲ.

ಬ್ರಾಹ್ಮಿಯ ಪ್ರಯೋಗಗಳು ನಡೆದಿರುವುದು ಹೆಚ್ಚಾಗಿ ನೆನಪಿನ ಶಕ್ತಿಯ ಮೇಲೆ. ಫಲ ಕಾಣಲು ಹನ್ನೆರಡು ವಾರವಾದರೂ ಬೇಕು. ಅಂಗಡಿಗಳಲ್ಲಿ ನೀರುಬ್ರಾಹ್ಮಿಯನ್ನೂ ಒಂದೆಲಗವನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಅವು ಬೇರೆ ಬೇರೆ ಗಿಡಗಳು. ಚೀಟಿಯಲ್ಲಿ ಸಸ್ಯದ ವೈಜ್ಞಾನಿಕ ಹೆಸರು ಇದೆಯೇ ನೋಡಿ ಕೊಳ್ಳಬೇಕು. ಬ್ರಾಹ್ಮಿ ಎಣ್ಣೆ ತಲೆಗೆ ತಿಕ್ಕಿದರೆ ಸಿಗುವ ಸುಖ ತಿಕ್ಕುವ ಕೈಯದು, ಮಿದುಳಿಗೆ ಎಣ್ಣೆ ಇಳಿಯುವುದಿಲ್ಲ. ಅಮ್ಮನೋ ಅಜ್ಜಿಯೋ ತಲೆಗೆ ಎಣ್ಣೆ ಹಚ್ಚುತ್ತ ಮಾತಾಡಿಸುವ ಆ ಅರ್ಧ ತಾಸಿಗೆ ಬೆಲೆ ಇದ್ದೇ ಇದೆ. ತುಳಸಿ, ಗವತಿ ಚಹಾದ ಕಷಾಯಗಳೂ ಹಾಗೇ: ರೋಗ ಕಳೆಯುತ್ತವೆ ಎಂದಲ್ಲ, ಸಂಜೆಯ ಮೂರನೇ ಚಹಾದ ಜಾಗದಲ್ಲಿ ಕುಡಿದರೆ ನಿದ್ದೆ ಕೆಡುವುದು ತಪ್ಪುತ್ತದೆ.

ಕೊಳ್ಳುವುದೇ ಆದರೆ ಬಿಡಿ ಪುಡಿ ಬೇಡ. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಒಳಗಿರುವ ವಸ್ತುಗಳ ಪ್ರಮಾಣ ಇರಬೇಕು. ಅಂತರಜಾಲದಲ್ಲಿ ಕೊಂಡ 193 ಆಯುರ್ವೇದ ತಯಾರಿಕೆಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. 2008ರ ಆ ವರದಿ ಇಂದಿಗೂ ಎಚ್ಚರಿಕೆಯೇ. ಒಂದು ಬಾರಿಗೆ ಒಂದೇ ಮೂಲಿಕೆ, ನುಂಗುತ್ತಿರುವ ಬೇರೆ ಮಾತ್ರೆಗಳ ಪಟ್ಟಿ ವೈದ್ಯರ ಮುಂದೆ, ಎಂಟು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದು. ಇಷ್ಟು ಶಿಸ್ತು ಇದ್ದರೆ ಮೂಲಿಕೆಯಿಂದ ಹಾನಿ ಕಡಿಮೆ. ಪದವಿ ಪಡೆದ ಆಯುರ್ವೇದ ವೈದ್ಯರನ್ನು ಕಾಣುವುದು ಇನ್ನೂ ಒಳ್ಳೆಯದು.

ನಡಿಗೆಯನ್ನು ಮರೆಯಬಾರದು. ಬ್ರಿಟಿಷ್ ಮೆಡಿಕಲ್ ಜರ್ನಲ್ 2024ರಲ್ಲಿ ಪ್ರಕಟಿಸಿದ, 218 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಬಿರುಸಿನ ನಡಿಗೆ, ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಎಲ್ಲವೂ ಖಿನ್ನತೆ ತಗ್ಗಿಸಿದ್ದವು. ಮುಂಜಾನೆಯ ಬಿಸಿಲಿನಲ್ಲಿ ಗೆಳತಿಯ ಜೊತೆ ಅರ್ಧ ತಾಸು ನಡೆದರೆ ದುಡ್ಡು ಖರ್ಚಿಲ್ಲ.

ಇಷ್ಟೆಲ್ಲ ಮಾಡಿದರೂ ಮನಸ್ಸು ಎರಡು ವಾರ ಮೀರಿ ಕುಗ್ಗಿಯೇ ಇದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ನಿದ್ದೆ ಊಟ ತಪ್ಪಿದರೆ, ಬದುಕೇ ಸಾಕೆನಿಸಿದರೆ ಅದು ಚೂರ್ಣದ ಕೆಲಸವಲ್ಲ, ಪಲ್ಯದ ಕೆಲಸವೂ ಅಲ್ಲ. ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ, ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು ಜಯಸಿಂಗಪುರದವರಿಗೆ ದೂರವಲ್ಲ. ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಯಿದೆ, ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆಯಿದೆ. ಮನೆಯಲ್ಲಿ ಹೇಳಿಕೊಳ್ಳಲು ಆಗದವರು 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ-ಮಾನಸ್’ ಸಹಾಯವಾಣಿ ಅದು. ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ. ಭಾಷೆ ಆರಿಸಿಕೊಳ್ಳಲು ಹೇಳಿದಾಗ ಮರಾಠಿಯ ಜೊತೆ ಕನ್ನಡವೂ ಸಿಗುತ್ತದೆ.